ಕೇಸು ಬೀಳುವ ಮೊದಲೇ ಅಳಿಸಿಹೋದ ಏಳು ಸಾಲು

"ಸಾರ್, ಇದರಲ್ಲಿ ಯಾವ್ಯಾವುದು ತೆಗೀಬೇಕು ಹೇಳಿ" ಎಂದು ಆಕೆ ನಾಲ್ಕು ಹಾಳೆಯ ಪ್ರಿಂಟ್ ನನ್ನ ಮುಂದಿಟ್ಟರು. ಬ್ಲಾಗಿಗೆ ಹಾಕಲು ಬರೆದದ್ದು, ಒಂದು ಕಾಮಗಾರಿಯ ಬಿಲ್ ಬಗ್ಗೆ. ಹನ್ನೊಂದು ಕಡೆ ಅವರೇ ಕೆಂಪು ಗೆರೆ ಎಳೆದುಕೊಂಡು ಬಂದಿದ್ದರು. ಒಂದೊಂದನ್ನೂ ದಾಖಲೆಯ ಪಕ್ಕ ಇಟ್ಟು ನೋಡಿದೆ. ಒಂದೂ ತಪ್ಪಿರಲಿಲ್ಲ. ಹಾಗೇ ಹೇಳಿದೆ.

"ಸರಿ ಸಾರ್. ಆದ್ರೆ ಕೇಸ್ ಹಾಕಿದ್ರೆ ಮುಗಿಯೋಕೆ ಎಷ್ಟು ವರ್ಷ?"

ಸುಳ್ಳು ಹೇಳಲಾಗಲಿಲ್ಲ. ನನ್ನ ಉತ್ತರ ಕೇಳಿ ಆಕೆ ಅಲ್ಲೇ ಕೂತು ಏಳು ಸಾಲು ಹೊಡೆದುಹಾಕಿದರು.

ಬ್ಲಾಗಿಗೆ ಸರ್ಕಾರ ಕಡಿವಾಣ ಹಾಕುವ ಮಾತು ಬಂದಾಗೆಲ್ಲ ಎಷ್ಟು ಜನರ ಮೇಲೆ ಕೇಸಾಯಿತು ಎಂದು ಲೆಕ್ಕ ಹಾಕುತ್ತೇವೆ. ವಕೀಲನಾದ ನನ್ನನ್ನು ಜಾಸ್ತಿ ಕಾಡುವುದು ಆ ಏಳು ಸಾಲು. ಅವು ಯಾವ ಕೋರ್ಟಿನ ಕಡತಕ್ಕೂ ಬರುವುದಿಲ್ಲ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ನೆನಪಿರಬೇಕು. ಆನ್‌ಲೈನ್‌ನಲ್ಲಿ ಹಾಕಿದ ಮಾತು ಯಾವಾಗ ಅಪರಾಧ ಎಂದು ಹೇಳುತ್ತಿದ್ದ ಅದರಲ್ಲಿ ಕಿರಿಕಿರಿ, ಅನಾನುಕೂಲ ಎಂಬ ಪದಗಳಿದ್ದವು. ಶಿಕ್ಷೆ 3 ವರ್ಷದವರೆಗೆ ಜೈಲು. ಕಳ್ಳತನ ಅಂದರೆ ಏನೆಂದು ಕಾನೂನು ಬಿಡಿಸಿ ಹೇಳುತ್ತದೆ. ಕಿರಿಕಿರಿಯನ್ನು ಅಳೆಯುವುದು ಹೇಗೆ? 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆದರೂ ಠಾಣೆಗಳಲ್ಲಿ ಅದೇ ಸೆಕ್ಷನ್ ಹಾಕಿ ಎಫ್‌ಐಆರ್ ಬರೆಯುವುದು ನಿಲ್ಲಲಿಲ್ಲ. ಇನ್ನು ಮುಂದೆ ಹಾಕಬೇಡಿ ಎಂದು 2022ರಲ್ಲಿ ಕೋರ್ಟ್ ಮತ್ತೆ ಹೇಳಬೇಕಾಯಿತು.

ಬೇರೆ ಕಡೆ ದಾರಿ ಬೇರೆ. ರಷ್ಯಾ 2014ರಲ್ಲಿ ದಿನಕ್ಕೆ 3,000ಕ್ಕಿಂತ ಹೆಚ್ಚು ಓದುಗರಿರುವ ಬ್ಲಾಗಿಗರು ನೋಂದಾಯಿಸಿಕೊಳ್ಳಬೇಕೆಂದಿತು. ಟಾಂಜಾನಿಯಾ 2018ರಲ್ಲಿ ಲೈಸೆನ್ಸ್ ತಂದಿತು, ಆಗ ಶುಲ್ಕ ಸುಮಾರು 21 ಲಕ್ಷ ಶಿಲ್ಲಿಂಗ್. ದೊಡ್ಡ ಪತ್ರಿಕೆ ಇದನ್ನು ಕಟ್ಟೀತು. ಕೆಲಸ ಮುಗಿಸಿ ರಾತ್ರಿ ಕೂತು ಬರೆಯುವವರು ಎಲ್ಲಿಂದ ತರಬೇಕು?

ನಮ್ಮಲ್ಲಿ ನನಗೆ ಇವತ್ತು ಜಾಸ್ತಿ ಚಿಂತೆ ಕೊಡುವುದು ಒಂದು ಪುಟ್ಟ ಪದ: 'ಅಥವಾ'. ಅದೇ ಕಾಯ್ದೆಯ 69ಎ ಸೆಕ್ಷನ್ ಕೆಳಗೆ ಸರ್ಕಾರ ಆನ್‌ಲೈನ್ ಬರಹ ತಡೆಯುವುದಕ್ಕೆ 2009ರ ನಿಯಮಗಳಿವೆ. 8ನೇ ನಿಯಮದ ಪ್ರಕಾರ ನೋಟಿಸ್ ಕೊಡಬೇಕಾದ್ದು ವ್ಯಕ್ತಿಗೆ ಅಥವಾ ಮಧ್ಯವರ್ತಿಗೆ. ಮಧ್ಯವರ್ತಿ ಅಂದರೆ ಬ್ಲಾಗಿಗೆ ಜಾಗ ಕೊಟ್ಟ ಕಂಪನಿ. ಬರೆದವರು ಯಾರೆಂದು ಗೊತ್ತಿದ್ದರೆ ಅವರ ಮಾತನ್ನೂ ಕೇಳಬೇಕು ಎಂದೇ 2015ರ ತೀರ್ಪು ಈ ನಿಯಮಗಳನ್ನು ಓದಿತ್ತು. ಆದರೆ ಕಂಪನಿಗೆ ಮಾತ್ರ ಕಾಗದ ಹೋದರೆ ಬರೆದವರಿಗೆ ಕಾಣುವುದು 'ಈ ಪುಟ ಲಭ್ಯವಿಲ್ಲ' ಎಂಬ ಒಂದು ಸಾಲು. ಯಾವ ವಾಕ್ಯ ತಪ್ಪು? ದೂರು ಕೊಟ್ಟವರು ಯಾರು? ಆದೇಶದ ಪ್ರತಿ ಕೇಳಿದರೆ 16ನೇ ನಿಯಮ ಅಡ್ಡ ಬರುತ್ತದೆ. ದೂರು, ಅದರ ಮೇಲಿನ ಕ್ರಮ ಎಲ್ಲ ಗುಟ್ಟಾಗಿರಬೇಕು ಎನ್ನುತ್ತದೆ ಅದು. ಆದೇಶವೇ ಕೈಯಲ್ಲಿಲ್ಲದೆ ನಾನು ಕೋರ್ಟಿನಲ್ಲಿ ಏನನ್ನು ಪ್ರಶ್ನಿಸಲಿ? ಕಂಪನಿಯಾದರೂ ಹೋರಾಡುತ್ತದಾ? ಯಾರದೋ ಒಂದು ಬರಹಕ್ಕಾಗಿ ಅದು ಸರ್ಕಾರವನ್ನು ಎದುರು ಹಾಕಿಕೊಳ್ಳುವುದನ್ನು ನಾನಂತೂ ಕಂಡಿಲ್ಲ.

ನಿಯಮವೇ ಬೇಡ ಎಂದು ನಾನು ಹೇಳುತ್ತಿಲ್ಲ. ಒಪ್ಪಿಗೆಯಿಲ್ಲದೆ ಹಾಕಿದ ಖಾಸಗಿ ಫೋಟೋ ತೆಗೆಸಲು ರಾತ್ರಿಯೆಲ್ಲ ಅರ್ಜಿ ಬರೆದಿದ್ದೇನೆ. ಒಂದೊಂದು ಗಂಟೆ ತಡವಾದರೂ ಆ ಮನೆಯವರ ಪಾಡೇನು ಎಂದು ಕಣ್ಣಾರೆ ನೋಡಿದ್ದೇನೆ. ಅಂಥದ್ದು ತಕ್ಷಣ ಹೋಗಲೇಬೇಕು. ಆದರೆ ಬಿಲ್ಲಿನ ಲೆಕ್ಕ ಕೇಳುವ ಬರಹವನ್ನೂ ಅದೇ ತಕ್ಕಡಿಯಲ್ಲಿ ತೂಗಬಾರದು, ಅಲ್ವಾ? ತೆಗೆಯುವುದಾದರೆ ಕಾರಣ ಬರೆದು ಕೊಡಿ, ಬರೆದವರ ಮಾತು ಕೇಳಿ, ಆದೇಶದ ಪ್ರತಿ ಅವರ ಕೈಗಿಡಿ. ನಾನು ಕೇಳುವುದು ಇಷ್ಟೇ.

ಆಕೆಯ ಬರಹ ಮುಂದಿನ ವಾರ ಬ್ಲಾಗಿನಲ್ಲಿ ಬಂತು. ಓದಿದೆ. ಬಿಲ್ಲಿನ ಮೊತ್ತ ಇತ್ತು. ಅದಕ್ಕೆ ಸಹಿ ಹಾಕಿದವರು ಯಾರು ಎನ್ನುವುದು ಇರಲಿಲ್ಲ.