ಬೇ ವಿಂಡೋ ಸೋರುತ್ತಿದೆ, ಗೌಂಡಿ ಬರುವವರೆಗೆ ಏನು ಮಾಡಲಿ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಎಂಟು ವರ್ಷದ ಮನೆ. ಹಾಲ್‌ನಲ್ಲಿ ರಸ್ತೆ ಕಡೆಗೆ ಚಾಚಿಕೊಂಡ ಮೂರು ಮಗ್ಗುಲಿನ ಬೇ ವಿಂಡೋ ಇದೆ. ಒಳಗೆ ಕೂರಲು ಕಡಪಾ ಕಲ್ಲಿನ ಕಟ್ಟೆ. ಗಾಳಿ ಜೊತೆ ಮಳೆ ಬಂದರೆ ಸಾಕು, ಕಟ್ಟೆಯ ಎಡಮೂಲೆ ಒದ್ದೆ. ಒಳಗಿಂದ ಸಿಲಿಕಾನ್ ಹಾಕಿಸಿದೆವು, ನಿಲ್ಲಲಿಲ್ಲ. ಗೌಂಡಿ ದೀಪಾವಳಿ ಕಳೆದ ಮೇಲೆ ಬರುತ್ತೇನೆ ಅಂದಿದ್ದಾರೆ. ಅಲ್ಲಿವರೆಗೆ ಏನು ಮಾಡಬಹುದು?

ಉತ್ತರ: ಮೊದಲು ಒಳಗೆ ಹಾಕಿಸಿದ ಆ ಸಿಲಿಕಾನ್ ಕಿತ್ತುಹಾಕಿ. ದುಡ್ಡು ಕೊಟ್ಟು ಹಾಕಿಸಿದ್ದು, ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ನೀರು ಬರುತ್ತಿರುವುದು ಹೊರಗಿನಿಂದ. ಒಳಗಿನ ಬಾಯಿ ಮುಚ್ಚಿದರೆ ಅದು ಬರುವುದನ್ನು ಬಿಡುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ನಾನೂ ಒಮ್ಮೆ ಹೀಗೇ ಮಾಡಿ ಬೀಗಿದ್ದೆ. ಮುಂದಿನ ಮಳೆಗೆ ನೀರು ಗೋಡೆಯೊಳಗೇ ಇಳಿದು ಕೆಳಗಿನ ಸ್ವಿಚ್ ಬೋರ್ಡಿನಿಂದ ಹನಿಯಿತು. ನಿಮ್ಮ ಕಟ್ಟೆಯ ಕೆಳಗೂ ಪ್ಲಗ್ ಪಾಯಿಂಟ್ ಇದ್ದರೆ ಆ ಲೈನಿನ ಎಂಸಿಬಿ ಇಳಿಸಿಯೇ ಮುಂದಿನ ಕೆಲಸಕ್ಕೆ ಕೈ ಹಾಕಿ.

ಮಾಮೂಲಿ ಕಿಟಕಿ ಗೋಡೆಯ ಹೊಟ್ಟೆಯಲ್ಲಿ, ಮೇಲಿನ ಸಜ್ಜಾ ಚಪ್ಪಡಿಯ ನೆರಳಲ್ಲಿ ಇರುತ್ತದೆ. ಬೇ ವಿಂಡೋ ಹಾಗಲ್ಲ, ಅದು ಮನೆಯಿಂದ ಹೊರಗೆ ಇಣುಕುವ ಪುಟ್ಟ ಕೋಣೆ. ಅದಕ್ಕೆ ತನ್ನದೇ ಸಣ್ಣ ಚಾವಣಿ ಇದೆ, ಎರಡು ಮೂಲೆಗಳಿವೆ, ಕೆಳಗೊಂದು ಸ್ಲ್ಯಾಬ್ ಇದೆ. ಆ ಚಾವಣಿ ದೊಡ್ಡ ಗೋಡೆಗೆ ಕೂಡುವ ಸಂದು, ಎರಡು ಫ್ರೇಮ್ ಸೇರುವ ಮೂಲೆ, ಫ್ರೇಮಿಗೂ ಪ್ಲಾಸ್ಟರಿಗೂ ನಡುವಿನ ಗೀರು, ಕೆಳಗಿನ ಸ್ಲೈಡಿಂಗ್ ಟ್ರ್ಯಾಕ್: ಸೋರುವುದು ಸಾಮಾನ್ಯವಾಗಿ ಇವುಗಳಲ್ಲೇ ಎಲ್ಲೋ ಒಂದು ಕಡೆ.

ನಮ್ಮ ಕಡೆಯ ಬಿಸಿಲು ಇದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ. ಬಿಸಿಲಿಗೆ ಅಲ್ಯೂಮಿನಿಯಂ ಹಿಗ್ಗುವುದು ಕಾಂಕ್ರೀಟಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ. 2 ಮೀಟರಿನ ಫ್ರೇಮ್ ರಾತ್ರಿಗಿಂತ ಮಧ್ಯಾಹ್ನ 30 ಡಿಗ್ರಿ ಹೆಚ್ಚು ಕಾದರೆ 1.4 ಮಿ.ಮೀ. ಹಿಗ್ಗುತ್ತದೆ. ಕಾಂಕ್ರೀಟು ಅಷ್ಟೇ ಕಾದರೂ 0.6 ಮಿ.ಮೀ. ಅಷ್ಟೇ. ಏಪ್ರಿಲ್, ಮೇ ಪೂರ್ತಿ ದಿನಾ ಈ ಎಳೆದಾಟ ನಡೆದರೆ ಸಂದಿನ ಸಿಮೆಂಟು ಬಿಟ್ಟುಕೊಳ್ಳದೆ ಇನ್ನೇನಾಗುತ್ತದೆ? ಎಪಾಕ್ಸಿ ಪುಟ್ಟಿ ತುಂಬಿದರೂ ಅದೇ ಗತಿ. ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಬಾಗುವುದಿಲ್ಲ, ಪಕ್ಕದಲ್ಲೇ ಬಿರುಕು ಬಿಡುತ್ತದೆ.

ಗಾಳಿ ಇದ್ದಾಗ ಮಾತ್ರ ಅಂದಿರಲ್ಲ, ಅದು ಒಳ್ಳೆ ಸುಳಿವು. ಇರಚಲು ಹೊಡೆದಾಗ ಮಾತ್ರ ಒದ್ದೆಯಾದರೆ ಮೂಲೆ, ಪಕ್ಕದ ಸಂದು ಇಲ್ಲವೇ ಟ್ರ್ಯಾಕಿನ ಮೇಲೆ ಅನುಮಾನ. ಮಳೆ ನಿಂತು ಗಂಟೆಗಟ್ಟಲೆ ಆದಮೇಲೂ ಹನಿಯುತ್ತಿದ್ದರೆ ಮೇಲಿನ ಚಾವಣಿಯಲ್ಲಿ ನೀರು ನಿಂತಿದೆ ಅಂತ. ಇನ್ನು ಮಳೆಯೇ ಇಲ್ಲದೆ ಒದ್ದೆಯಾದರೆ ಕಿಟಕಿಗೆ ಕೂರಿಸಿದ ಕೂಲರ್ ನೋಡಿ. ನಗಬೇಡಿ, ಕೂಲರಿನ ತೊಟ್ಟಿ ಸೋರುತ್ತಿದ್ದರೂ ಕಿಟಕಿಯನ್ನೇ ಬೈದವರು ಬೇಕಾದಷ್ಟು ಜನ ಇದ್ದಾರೆ.

ಟ್ರ್ಯಾಕಿನ ಪರೀಕ್ಷೆಗೆ ಎರಡೇ ನಿಮಿಷ ಸಾಕು. ಸ್ಲೈಡಿಂಗ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹೊರಮುಖಕ್ಕೆ ಸಣ್ಣ ತೂತುಗಳಿರುತ್ತವೆ. ಟ್ರ್ಯಾಕಿಗೆ ಬಿದ್ದ ನೀರು ಹೊರಹೋಗಲಿ ಅಂತ ಬಿಟ್ಟದ್ದು. ಒಂದು ಲೋಟ ನೀರು ಟ್ರ್ಯಾಕಿಗೆ ಹಾಕಿ. ಹೊರಗೆ ಹರಿದರೆ ಸರಿ. ನಿಂತರೆ ತೂತು ಕಟ್ಟಿದೆ. ಅದಿರು ಲಾರಿ ಓಡಾಡುವ ರಸ್ತೆಯಾದರೆ ಕೇಳುವುದೇ ಬೇಡ, ಕೆಂಪು ಧೂಳು ಒಂದು ಮಳೆಗೆ ಕೆಸರಾಗಿ, ಮರುದಿನದ ಬಿಸಿಲಿಗೆ ಗಾರೆಯಾಗುತ್ತದೆ. ಹಳೆ ಹಲ್ಲುಜ್ಜುವ ಬ್ರಶ್, ಸಣ್ಣ ತಂತಿ ಸಾಕು. ಎಷ್ಟೋ ಮನೆಯಲ್ಲಿ ಸೋರಿಕೆ ಇಲ್ಲಿಗೇ ಮುಗಿಯುತ್ತದೆ. ಕೆಲವು ಕಡೆ ಪೇಂಟ್ ಮಾಡುವವರು ‘ಇದ್ಯಾವ ತೂತು’ ಅಂತ ಪುಟ್ಟಿ ಮೆತ್ತಿರುತ್ತಾರೆ. ಅದನ್ನೂ ಬಿಡಿಸಿ.

ಅಲ್ಲಿ ಸಿಗದಿದ್ದರೆ ಪೈಪ್ ಪರೀಕ್ಷೆ. ಎರಡು ದಿನ ಒಣಹವೆ ಇದ್ದಾಗ ಮಾಡಿ. ಒಬ್ಬರು ಹೊರಗೆ ಪೈಪ್ ಹಿಡಿಯಲಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಕಟ್ಟೆಯ ಮೇಲೆ ಹಳೆ ಪೇಪರ್ ಹಾಸಿದರೆ ಮೊದಲ ಹನಿಯೇ ಕಾಣುತ್ತದೆ. ನೀರು ಸುಮ್ನೆ ಹರಿಯಬೇಕು, ಬೆರಳಿಟ್ಟು ಚಿಮ್ಮಿಸಬೇಡಿ. ಶುರು ಮಾಡುವುದು ಕೆಳಗಿನಿಂದ: ಮೊದಲು ಸ್ಲ್ಯಾಬಿನ ಸಂದು, ಆಮೇಲೆ ಟ್ರ್ಯಾಕ್, ಮೂಲೆಗಳು, ಕಡೆಗೆ ಚಾವಣಿ. ಒಂದೊಂದು ಕಡೆ ಐದರಿಂದ ಹತ್ತು ನಿಮಿಷ. ಮೇಲಿನಿಂದ ಶುರು ಮಾಡಿದರೆ ಎಲ್ಲ ಸಂದಿಗೂ ನೀರು ಹರಿದು, ಯಾವುದು ಕಳ್ಳ ಅಂತ ತಿಳಿಯುವುದೇ ಇಲ್ಲ. ಒಳಗೆ ಹನಿ ಕಂಡ ಕೂಡಲೇ ಪೈಪ್ ನಿಲ್ಲಿಸಿ, ಹೊರಗೆ ಆ ಜಾಗಕ್ಕೆ ಗುರುತು ಹಾಕಿ. ಗುರುತು ಮಳೆಗೆ ಅಳಿಯಬಾರದು, ಫೋಟೋ ಕೂಡ ತೆಗೆದಿಡಿ. ಕಿಟಕಿ ಮೇಲಿನ ಮಹಡಿಯಲ್ಲಿದ್ದರೆ ಹೊರಗೆ ಬಾಗಿ ಸಾಹಸ ಮಾಡಬೇಡಿ, ಮಾಳಿಗೆಯಿಂದ ಪೈಪ್ ಇಳಿಬಿಡಿ.

ಈಗ ತಾತ್ಕಾಲಿಕ ರಿಪೇರಿ. ಇದಕ್ಕೆ ನನ್ನ ಲೆಕ್ಕ ಒಂದೇ, ಮೇಲೆ ಮುಚ್ಚಿ, ಕೆಳಗೆ ಬಿಡಿ. ಚಾವಣಿ, ಮೂಲೆ, ಪಕ್ಕದ ಸಂದುಗಳನ್ನು ಹೊರಗಿನಿಂದ ಮುಚ್ಚಬೇಕು. ಟ್ರ್ಯಾಕಿನ ತೂತು ಮಾತ್ರ ಮುಟ್ಟಬಾರದು. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕಾನ್ ಕೇಳಿ. ವಿನೆಗರ್ ವಾಸನೆ ಹೊಡೆಯುವ ಅಗ್ಗದ ಟ್ಯೂಬು ಗಾಜಿಗೆ ಸರಿ, ಸಿಮೆಂಟಿಗೆ ಅಂಟಿ ನಿಲ್ಲುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಧೂಳು ಒರೆಸಿ, ಫ್ರೇಮಿಗೆ ಸ್ಪಿರಿಟ್ ಹಚ್ಚಿ ಒಣಗಿಸಿ. ಅರ್ಧ ಕೆಲಸ ಇದೇ, ಅಲ್ವಾ? ಧೂಳಿನ ಮೇಲೆ ಹಾಕಿದ ಸಿಲಿಕಾನ್ ಧೂಳಿಗೆ ಅಂಟುತ್ತದೆ, ಗೋಡೆಗಲ್ಲ. ಬೆಳಿಗ್ಗೆ ಗೋಡೆ ತಣ್ಣಗಿರುವಾಗ ಹಾಕಿ, ಬೆರಳಿಗೆ ಸೋಪಿನ ನೀರು ಮುಟ್ಟಿಸಿಕೊಂಡು ಒಂದೇ ಎಳೆತಕ್ಕೆ ಒತ್ತಿ. ಕನಿಷ್ಠ ಒಂದು ದಿನ ನೀರು ತಾಗದಿರಲಿ. ಇದು ಗಟ್ಟಿಯಾಗುವುದು ಗಾಳಿಯ ತೇವ ಹೀರಿಕೊಂಡು, ಹಾಗಾಗಿ ತೀರಾ ಒಣಹವೆಯಿದ್ದರೆ ಇನ್ನೊಂದು ದಿನ ಕಾಯಿರಿ.

ಚಾವಣಿಯ ಮೇಲೆ ಪಾರಿವಾಳದ ಗೂಡು, ಒಣ ಎಲೆ, ಸಂದಿನಲ್ಲಿ ಅರಳಿ ಸಸಿ ಇದ್ದರೆ ತೆಗೆಯಿರಿ. ಗೋಡೆ ಸೇರುವ ಕಡೆ ಬಿರುಕು ಕಂಡರೆ ಬ್ಯುಟೈಲ್ ಟೇಪ್ (ರಬ್ಬರಿನಂಥ ಅಂಟುಪಟ್ಟಿ) ಒತ್ತಿ ಅಂಟಿಸಬಹುದು, ಜಾಗ ಒಣಗಿರಬೇಕು.

ಸೆಪ್ಟೆಂಬರಿನ ಮಳೆ ಬಿಡುವೇ ಕೊಡದಿದ್ದರೆ? ಆಗ ಅಂಟು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಮಾಳಿಗೆಯ ಪ್ಯಾರಾಪೆಟ್ ಗೋಡೆಯಿಂದ ತಾಡಪತ್ರಿ ಇಳಿಬಿಡಿ. ಮೇಲ್ತುದಿಗೆ ಭಾರ ಇಟ್ಟು, ಕೆಳತುದಿ ಚಾವಣಿ ದಾಟಿ ಮುಂದೆ ಬರುವ ಹಾಗೆ ಗ್ರಿಲ್ಲಿಗೆ ಕಟ್ಟಿ. ಎರಡು ತುಂಡಾದರೆ ಹೆಂಚು ಹೊದಿಸಿದ ಹಾಗೆ, ಮೇಲಿನದು ಕೆಳಗಿನದರ ಮೇಲೆ ಬರಲಿ. ಒಳಗೆ ಹನಿಯುವ ಜಾಗಕ್ಕೆ ದಪ್ಪ ಹತ್ತಿ ದಾರ ಅಂಟಿಸಿ, ಇನ್ನೊಂದು ತುದಿ ಬಕೆಟ್‌ನಲ್ಲಿ ಬಿಡಿ. ಹನಿ ದಾರ ಹಿಡಿದು ಇಳಿಯುತ್ತದೆ, ರಾತ್ರಿಯಿಡೀ ಟಪ್ ಟಪ್ ಸದ್ದೂ ಇರುವುದಿಲ್ಲ.

ಒಂದು ವಿಷಯಕ್ಕೆ ಮಾತ್ರ ಟ್ಯೂಬು, ಟೇಪಿನ ಉಪಚಾರ ಸಾಲದು. ನಿಮ್ಮ ಮನೆ ಎರೆ ಭೂಮಿಯ ಮೇಲಿದ್ದರೆ, ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಗೋಡೆಯೂ ಅದರ ಜೊತೆ ಅಲುಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿದ್ದರೆ, ಅದರ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ತಿಂಗಳಲ್ಲಿ ಗೆರೆ ದಾಟಿದರೆ ಗೌಂಡಿಗಿಂತ ಮೊದಲು ಎಂಜಿನಿಯರಿಗೆ ತೋರಿಸಿ.

ಬಿರುಕು ಬೆಳೆದಿಲ್ಲ ಅಂದರೆ, ದೀಪಾವಳಿ ಕಳೆದು ಗೌಂಡಿ ಬಂದಾಗ ಒಳಗಿನ ಕಲೆ ತೋರಿಸಬೇಡಿ, ಅವರು ಅಲ್ಲೇ ಸಿಮೆಂಟು ಮೆತ್ತಿ ಹೋಗುತ್ತಾರೆ. ಫೋಟೋ ತೋರಿಸಿ. ಚಾವಣಿಗೆ ಹೊರಕ್ಕೆ ಇಳಿಜಾರು ಕೊಡಿ, ಅದರ ಅಡಿಭಾಗದಲ್ಲಿ ಅಂಚಿನ ಹತ್ತಿರ ಒಂದು ಗ್ರೂವ್ ಎಳೆಯಿರಿ ಅಂತ ಹೇಳಿ. ಆ ಗ್ರೂವ್ ಇಲ್ಲದಿದ್ದರೆ ನೀರು ಅಂಚಿನಿಂದ ಬೀಳದೆ, ಚಾವಣಿಯ ಅಡಿ ಹಿಡಿದುಕೊಂಡೇ ಫ್ರೇಮಿನ ತನಕ ತೆವಳಿ ಬರುತ್ತದೆ.