ಎಸಿ ಅಳವಡಿಸುವ ಗುತ್ತಿಗೆಗೆ ಲೈಸೆನ್ಸ್ ಬೇಕೇ?

ಪ್ರಶ್ನೆ: ಐಟಿಐಯಲ್ಲಿ ರೆಫ್ರಿಜರೇಶನ್ ಮತ್ತು ಏರ್ ಕಂಡೀಷನಿಂಗ್ ಟ್ರೇಡ್ ಮುಗಿಸಿದ್ದೇನೆ. ಕಲಬುರಗಿಯಲ್ಲಿ ಸ್ವಂತವಾಗಿ ಎಸಿ ಅಳವಡಿಕೆ, ರಿಪೇರಿ ಗುತ್ತಿಗೆ ಹಿಡಿಯಬೇಕೆಂದಿದ್ದೇನೆ. ಲೈಸೆನ್ಸ್ ಕಡ್ಡಾಯವೇ?

ಉತ್ತರ: ಎಸಿ ಗುತ್ತಿಗೆದಾರರಿಗೆಂದೇ ಪ್ರತ್ಯೇಕ ಪರವಾನಗಿ ಕರ್ನಾಟಕದಲ್ಲಿ ಇಲ್ಲ. ಹಾಗೆಂದು ಸ್ಪ್ಯಾನರ್ ಹಿಡಿದು ಇವತ್ತೇ ಹೊರಟುಬಿಡಬೇಡಿ. ಎಸಿಯನ್ನು ಬಿಟ್ಟ ಕಾನೂನು ಅದಕ್ಕೆ ಹೋಗುವ ವೈರನ್ನು ಬಿಟ್ಟಿಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ ವೈರಿಂಗ್ ಕೆಲಸವನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರೇ, ಪರ್ಮಿಟ್ ಇರುವವರ ಕೈಯಿಂದ ಮಾಡಿಸಬೇಕು. ಕೆಟ್ಟ ಫ್ಯಾನು, ಸ್ವಿಚ್ಚು, ಮನೆಬಳಕೆಯ ಉಪಕರಣ ಬದಲಿಸುವುದಕ್ಕೆ ಮಾತ್ರ ವಿನಾಯಿತಿ, ಅದೂ ವೈರಿಂಗ್‌ನ ಸಾಮರ್ಥ್ಯ ಬದಲಾಗದಿದ್ದರೆ. ಅಂದರೆ ಹಳೆಯ ಎಸಿ ಇಳಿಸಿ ಅದೇ ಪಾಯಿಂಟಿಗೆ ಅಷ್ಟೇ ಟನ್ನಿನ ಹೊಸದನ್ನು ಕೂಡಿಸಿದರೆ ಯಾರೂ ಕೇಳುವುದಿಲ್ಲ. ಆದರೆ ನಿಮಗೆ ಸಿಗುವ ಕೆಲಸ ಹೆಚ್ಚಾಗಿ ಅಂಥದ್ದಲ್ಲ. ಶಹಾಬಾದ್ ಕಲ್ಲಿನ ಹಳೆಯ ಮನೆ, ಮೇ ತಿಂಗಳ ಬಿಸಿಲಿಗೆ ಕಾದ ಚಾವಣಿ, ಕೋಣೆಯಲ್ಲಿರುವುದು ಟಿವಿ ಹಚ್ಚುವ ಒಂದು ಸಣ್ಣ ಪ್ಲಗ್ಗು. ಒಂದೂವರೆ ಟನ್ನಿನ ಎಸಿ ಪೂರ್ತಿ ಓಡುವಾಗ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಅದಕ್ಕೆ ಬೋರ್ಡಿನಿಂದಲೇ ಬೇರೆ ಲೈನು, ಬೇರೆ ಎಂಸಿಬಿ (ಲೋಡ್ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಬೇಕು. ಮಂಜೂರಾದ ಲೋಡ್ ಸಾಲದಿದ್ದರೆ ಜೆಸ್ಕಾಂಗೆ ಅರ್ಜಿಯನ್ನೂ ಹಾಕಬೇಕು. ಇವೆಲ್ಲ ಲೈಸೆನ್ಸ್ ಇರುವವರ ಕೆಲಸ. ಆ ಲೈಸೆನ್ಸ್, ವೈರ್‌ಮನ್ ಪರ್ಮಿಟ್‌ಗಳನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ನಿಮ್ಮ ಐಟಿಐ ಪ್ರಮಾಣಪತ್ರವೇ ಪರ್ಮಿಟ್ ಅಲ್ಲ. ಆರಂಭದಲ್ಲಿ ಲೈಸೆನ್ಸ್ ಇರುವ ಗುತ್ತಿಗೆದಾರರೊಬ್ಬರ ಜೊತೆ ಕೈಜೋಡಿಸಿ, ವೈರಿಂಗ್ ಅವರಿಗೆ ಬಿಡುವುದೇ ಜಾಣತನ.

ಉಳಿದ ಕಾಗದಗಳು ಎಲ್ಲ ವ್ಯಾಪಾರಕ್ಕೂ ಇರುವಂಥವೇ. ಅಂಗಡಿ ತೆರೆದರೆ ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇಕು. ಮಾರಾಟದ ಜೊತೆ ಸೇವೆಯೂ ಇರುವುದರಿಂದ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ದುಡ್ಡು ಕೇಳುವ ಏಜೆಂಟರನ್ನು ಬಾಗಿಲಿನಿಂದಲೇ ಕಳಿಸಿ.

ನನ್ನನ್ನು ಕೇಳಿದರೆ ಲೈಸೆನ್ಸ್ ಇರಬೇಕಾದದ್ದು ಗ್ಯಾಸ್ ಕೆಲಸಕ್ಕೆ. ಹಳೆಯ ಎಸಿಗಳಲ್ಲಿ ತಂಪು ಮಾಡುತ್ತಿದ್ದ ಆರ್-22 ಗ್ಯಾಸ್ ಬೆಂಕಿ ಹಿಡಿಯುತ್ತಿರಲಿಲ್ಲ. ಈಗ ಬರುವ ಆರ್-32 ನಿಧಾನವಾಗಿಯಾದರೂ ಉರಿಯುತ್ತದೆ, ಆರ್-290 ಅಂತೂ ಶುದ್ಧ ಪ್ರೊಪೇನ್. ಪೈಪಿನೊಳಗೆ ಗ್ಯಾಸ್ ಇರುವಾಗಲೇ ಬೆಸುಗೆಯ ಟಾರ್ಚ್ ಹಚ್ಚುವ ಹಳೆಯ ರೂಢಿ ಇಲ್ಲಿ ನಡೆಯದು. ಪೈಪಿನೊಳಗಿನ ಗಾಳಿಯನ್ನು ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಹೊತ್ತು ತರಲು ಬೇಸರಪಟ್ಟು, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಓಡಿಸಿ 'ಆಯಿತು' ಎನ್ನುವವರೂ ಇದ್ದಾರೆ. ಪೈಪಿನಲ್ಲಿ ಉಳಿದ ಗಾಳಿ, ತೇವ ಕಂಪ್ರೆಸರನ್ನು ತಿನ್ನುತ್ತವೆ. ಎಲ್ಲಕ್ಕಿಂತ ಅಪಾಯಕಾರಿ, ಲೀಕ್ ಪರೀಕ್ಷೆಗೆ ನೈಟ್ರೋಜನ್ ಸಿಗಲಿಲ್ಲವೆಂದು ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ಜೋಡಿಸುವುದು. ಕಂಪ್ರೆಸರ್ ಎಣ್ಣೆಗೆ ಒತ್ತಡದ ಆಕ್ಸಿಜನ್ ತಾಗಿದರೆ ಸ್ಫೋಟವಾಗಬಹುದು. ಮೊದಲ ಗುತ್ತಿಗೆಯ ಮುಂಗಡ ಕೈಗೆ ಬಂದ ದಿನ ಬೋರ್ಡು ಬರೆಸುವುದಕ್ಕಿಂತ ಮೊದಲು ನೈಟ್ರೋಜನ್ ಸಿಲಿಂಡರು, ರೆಗ್ಯುಲೇಟರು, ಒಳ್ಳೆಯದೊಂದು ವ್ಯಾಕ್ಯೂಮ್ ಪಂಪು ಕೊಳ್ಳಿ.