ಹೊಸ ಪಾರ್ಕ್ ಇಷ್ಟು ಚೆಂದವಿದೆ, ಮತ್ತೇಕೆ ಈ ಗೊಣಗಾಟ?

ಓದುಗರ ಪ್ರಶ್ನೆ: ಬಳ್ಳಾರಿ ಪೇಟೆಯ ನಡುವೆ ನಮ್ಮ ಮನೆಗೆ ಹತ್ತಿರವಿದ್ದ ಹಳೆಯ ಪಾರ್ಕನ್ನು ಪೂರ್ತಿ ಹೊಸದಾಗಿ ಮಾಡಿದ್ದಾರೆ. ಕಾರಂಜಿ, ಬಣ್ಣದ ದೀಪ, ವ್ಯಾಯಾಮದ ಉಪಕರಣ ಎಲ್ಲವೂ ಬಂದಿವೆ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋದರೆ ಖುಷಿಯಾಗುತ್ತದೆ. ಆದರೆ ನಮ್ಮ ಮಾವನವರಿಂದ ಹಿಡಿದು ಬೀದಿಯ ಅನೇಕರು ‘ಹಳೆಯದೇ ವಾಸಿಯಾಗಿತ್ತು’ ಎನ್ನುತ್ತಾರೆ. ಎಷ್ಟು ಮಾಡಿದರೂ ಜನರಿಗೆ ಸಮಾಧಾನವೇ ಇಲ್ಲವೇ?

ಉತ್ತರ: ನೀವು ಪಾರ್ಕಿಗೆ ಹೋಗುವುದು ಸಂಜೆ. ನಿಮ್ಮ ಮಾವನವರು ಎಷ್ಟು ಗಂಟೆಗೆ ಹೋಗುತ್ತಿದ್ದರು ಎಂದು ಒಮ್ಮೆ ಕೇಳಿ ನೋಡಿ. ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ನಿಮ್ಮ ಪತ್ರ ಓದಿದ ಮೇಲೆ ನಾನು ಆ ಪಾರ್ಕಿಗೆ ಒಂದೇ ದಿನ ಮೂರು ಸಲ ಹೋಗಿ ಬಂದೆ. ಬೆಳಿಗ್ಗೆ ಆರಕ್ಕೆ ವಾಯುವಿಹಾರದವರು. ಅವರಲ್ಲಿ ಎರಡು ಪಂಗಡ: ಟೈಲ್ಸ್ ಮೇಲೆ ನಡೆದು ಮೊಣಕಾಲು ನೋಯುತ್ತದೆ ಎನ್ನುವವರು, ಮಳೆಗಾಲದ ಕೆಸರು ತಪ್ಪಿತಲ್ಲ ಎನ್ನುವವರು. ಇಬ್ಬರದೂ ನಿಜ. ಇಬ್ಬರೂ ಎಂಟು ಗಂಟೆಯೊಳಗೆ ಮನೆ ಸೇರುತ್ತಾರೆ.

ಮಧ್ಯಾಹ್ನ ಎರಡಕ್ಕೆ ಹೋದಾಗ ನಿಜವಾದ ವಿಷಯ ಕಂಡಿತು. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ನಗೆಯಾಡುತ್ತೇವೆ. ಏಪ್ರಿಲ್‌–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಂಥ ಊರಿನ ಪಾರ್ಕಿನಲ್ಲಿ ಹೊಳೆಯುವ ಸ್ಟೀಲ್ ಬೆಂಚುಗಳನ್ನು ಬಟ್ಟಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಒಂದರ ಮೇಲೆ ಅಂಗೈ ಇಟ್ಟು ಅಷ್ಟೇ ಬೇಗ ತೆಗೆದೆ. ಬಾಟಲಿಯಿಂದ ಎರಡು ಹನಿ ನೀರು ಚಿಮುಕಿಸಿದರೆ ಕಲೆಯೂ ಉಳಿಯದಂತೆ ಆರಿಹೋಯಿತು. ಪ್ರತಿ ಬೆಂಚಿನ ನಡುವೆ ಕೈಯಾನಿಸಲು ಒಂದು ಕಂಬಿ. ಅದು ಕೈಗೆಂದು ಇಟ್ಟದ್ದಲ್ಲ, ಯಾರೂ ಮಲಗಬಾರದೆಂದು ಇಟ್ಟದ್ದು ಎಂಬುದು ಯಾರಿಗೂ ತಿಳಿಯದ ಗುಟ್ಟೇನಲ್ಲ. ಮೊದಲು ಇಲ್ಲಿ ಬೇವಿನ ಮರದ ಕೆಳಗೆ ಎರಡು ಗಿಡ್ಡ ಕಂಬಗಳ ಮೇಲೆ ಉದ್ದನೆಯ ಕಲ್ಲುಚಪ್ಪಡಿಯೊಂದಿತ್ತು. ಅಂಚುಗಳೆಲ್ಲ ಸವೆದು ನುಣುಪಾಗಿದ್ದ ಅದರ ಮೇಲೆ ನಾಲ್ವರು ಕೂರಬಹುದಿತ್ತು, ಇಲ್ಲವೇ ಒಬ್ಬರು ಟವೆಲ್ ಹಾಸಿ ಮಲಗಬಹುದಿತ್ತು.

ಹಾಗೆ ಮಲಗುತ್ತಿದ್ದವರು ಯಾರು? ಸಿರುಗುಪ್ಪ, ಕಂಪ್ಲಿ, ಸಂಡೂರು, ಕುರುಗೋಡಿನ ಕಡೆಯಿಂದ ಕೋರ್ಟು ಕಚೇರಿಯ ಕೆಲಸಕ್ಕೆ ಬೆಳಗಿನ ಬಸ್ಸಿಗೆ ಬಂದು, ‘ಊಟದ ನಂತರ ಬನ್ನಿ’ ಎನ್ನಿಸಿಕೊಂಡವರು. ಮನೆಯಲ್ಲಿ ಜಾಗ ಸಾಲದೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹಿಡಿದು ಬರುವ ಹುಡುಗರು. ಜೀನ್ಸ್ ಹೊಲಿಯುವ ಘಟಕಗಳಿಂದ ಬುತ್ತಿ ಬಿಚ್ಚಲು ಬರುತ್ತಿದ್ದ ಹೆಣ್ಣುಮಕ್ಕಳು. ನಿವೃತ್ತರಾಗಿ, ಕರೆಂಟು ಹೋದ ಮನೆಯಲ್ಲಿ ಕೂರಲಾರದ ನಿಮ್ಮ ಮಾವನವರಂಥವರು. ಇವರಿಗೆ ಪಾರ್ಕ್ ಎಂದರೆ ನೋಡುವ ವಸ್ತುವಲ್ಲ, ಹೊತ್ತು ಕಳೆಯುವ ಜಾಗ. ಅವರು ಕಳೆದುಕೊಂಡದ್ದು ನೆರಳು, ಮತ್ತು ಯಾರೂ ಎಬ್ಬಿಸದ ಹಾಗೆ ಕೂರುವ ಸ್ವಾತಂತ್ರ್ಯ.

ರಾತ್ರಿ ಏಳಕ್ಕೆ ಮತ್ತೆ ಹೋದರೆ ಜಾತ್ರೆಯೇ ಜಾತ್ರೆ. ಊರಿನ ಹೆಸರಿನ ಪಕ್ಕ ಕೆಂಪು ಹೃದಯ ಅಂಟಿಸಿದ ದೊಡ್ಡ ಅಕ್ಷರಗಳ ಮುಂದೆ ಫೋಟೊಗೆ ಸರದಿ. ಇದನ್ನು ಗೇಲಿ ಮಾಡುವುದು ಸುಲಭ, ನಾನು ಮಾಡುವುದಿಲ್ಲ. ಮಗುವನ್ನು ಜಾರುಬಂಡೆಗೆ ಬಿಟ್ಟು ನಿಂತಿದ್ದ ತಾಯಿಯೊಬ್ಬರು, “ಸಾರ್, ಮೊದಲು ಕತ್ತಲಾದ ಮೇಲೆ ಈ ಗೇಟಿನ ಮುಂದೆ ಹಾಯುವುದಕ್ಕೂ ಹೆದರುತ್ತಿದ್ದೆವು. ಈಗ ಎಂಟೂವರೆಯವರೆಗೂ ಇರುತ್ತೇವೆ” ಎಂದರು. ಹಳೆಯ ಪಾರ್ಕಿನ ಪೊದೆಗಳ ಹಿಂದೆ ಒಡೆದ ಬಾಟಲಿಗಳಿದ್ದದ್ದು ನನಗೂ ನೆನಪಿದೆ. ಕಳೆದುಹೋದದ್ದೆಲ್ಲ ಚಿನ್ನವಾಗಿತ್ತು ಎಂದು ಹೇಳಿದರೆ ಆ ತಾಯಿಗೆ ಮೋಸ ಮಾಡಿದಂತೆ.

ಆದ್ದರಿಂದ ಒಂದು ಪಾರ್ಕಿನ ಬಗ್ಗೆ ಊರಿಗೆ ಎರಡು ಅಭಿಪ್ರಾಯವಿದೆ ಎನ್ನುವುದಕ್ಕಿಂತ, ಅಲ್ಲಿ ಎರಡು ಪಾರ್ಕುಗಳಿವೆ ಎನ್ನುವುದು ಸರಿ. ಬೆಳಗಿಸಿದ್ದು ಸಂಜೆಯದನ್ನು, ನಂದಿಸಿದ್ದು ಮಧ್ಯಾಹ್ನದ್ದನ್ನು.

ಹೀಗೇಕಾಗುತ್ತದೆ? ಯಾರೋ ಬೇಕೆಂದು ಮಾಡಿದ್ದಲ್ಲ. ಕಾಮಗಾರಿ ಎಂದರೆ ಅಂದಾಜುಪಟ್ಟಿ, ಟೆಂಡರು, ಕೊನೆಗೆ ಅಳತೆ ಪುಸ್ತಕ. ಎಷ್ಟು ಚದರ ಮೀಟರ್ ಇಂಟರ್‌ಲಾಕ್ ಟೈಲ್ಸ್, ಎಷ್ಟು ದೀಪದ ಕಂಬ, ಎಷ್ಟು ಬೆಂಚು ಎಂದು ಅಳೆದು ಬರೆದರೆ ಬಿಲ್ಲು ಪಾಸಾಗುತ್ತದೆ. ಸಸಿ ನೆಡುವುದಕ್ಕೂ ದರವಿದೆ. ನೆರಳಿಗೆ ಮಾತ್ರ ಯಾವ ದರಪಟ್ಟಿಯಲ್ಲೂ ದರವಿಲ್ಲ. ಇಪ್ಪತ್ತು ವರ್ಷ ಬೆಳೆದ ಬೇವು ಇದ್ದರೂ ಲೆಕ್ಕಕ್ಕಿಲ್ಲ, ಹೋದರೂ ಲೆಕ್ಕಕ್ಕಿಲ್ಲ. ಉಳಿದ ಮರಗಳಿಗೂ ಬುಡದವರೆಗೆ ಟೈಲ್ಸ್ ಒತ್ತಿ ಕೂರಿಸುತ್ತಾರೆ, ನೀರು ಇಳಿಯಲು ಅಂಗೈಯಗಲ ಮಣ್ಣನ್ನೂ ಬಿಡದೆ. ದೆಹಲಿಯಲ್ಲಿ ಹೀಗೇ ಆದಾಗ, ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶ ಮಾಡಬೇಕಾಯಿತು.

ಇನ್ನು ಹುಲ್ಲುಹಾಸು. ನಕ್ಷೆಯಲ್ಲಿ ಹಸಿರು ಬಣ್ಣ ತುಂಬಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದು ಕಡಿಮೆಯೇ ಹಿಡಿದರೂ, ಚದರ ಮೀಟರಿಗೆ 5 ಲೀಟರ್. ಅರ್ಧ ಎಕರೆ ಎಂದರೆ ಸುಮಾರು 2,000 ಚದರ ಮೀಟರ್. ದಿನಕ್ಕೆ 10,000 ಲೀಟರ್, ಅಂದರೆ ಎರಡು ಟ್ಯಾಂಕರ್. ಊರಿಗೆ ಕುಡಿಯುವ ನೀರು ಬರುವುದು ತುಂಗಭದ್ರಾ ಕಾಲುವೆಯಿಂದ. ಕಾಲುವೆ ನಿಂತರೆ ಅಲ್ಲಿಪುರ ಕೆರೆಯಲ್ಲಿ ಕೂಡಿಟ್ಟದ್ದೇ ಗತಿ. 2024ರ ಆಗಸ್ಟಿನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನಾವೆಲ್ಲ ಎದೆ ಹಿಡಿದುಕೊಂಡು ಕೂತಿದ್ದೆವು. ನಲ್ಲಿಗೆ ದಿನಗಟ್ಟಲೆ ಕಾಯುವ ಗೃಹಿಣಿ ಪಾರ್ಕಿನ ಹುಲ್ಲಿಗೆ ಪೈಪು ಬಿಟ್ಟದ್ದನ್ನು ನೋಡಿದರೆ ಏನೆನ್ನಬೇಕು? ಬೇವು, ಹೊಂಗೆ, ಹುಣಸೆ ಒಮ್ಮೆ ಬೇರೂರಿದರೆ ಇಲ್ಲಿಯ ಮಳೆಯಲ್ಲಿಯೇ ಬದುಕುತ್ತವೆ.

ಹೊಸದಾಗಿ ಮಾಡುವುದೇ ತಪ್ಪೇ ಎಂದರೆ, ಅಲ್ಲ. ನ್ಯೂಯಾರ್ಕಿನ ನಡುವಿನ ಬ್ರಯಂಟ್ ಪಾರ್ಕ್ ಒಂದು ಕಾಲಕ್ಕೆ ಮಾದಕವಸ್ತು ಮಾರುವವರ ಅಡ್ಡೆಯಾಗಿತ್ತು. ಬೀದಿಗಿಂತ ಎತ್ತರದಲ್ಲಿದ್ದು, ಸುತ್ತಲಿನ ದಟ್ಟ ಪೊದೆಬೇಲಿಯಿಂದಾಗಿ ಒಳಗೇನು ನಡೆಯುತ್ತಿದೆ ಎಂದು ಹೊರಗಿನವರಿಗೆ ಕಾಣುತ್ತಿರಲಿಲ್ಲ. ಬೇಲಿ ತೆಗೆದು, ದ್ವಾರಗಳನ್ನು ಅಗಲಿಸಿ, 1992ರಲ್ಲಿ ಮತ್ತೆ ತೆರೆದರು. ಹಳೆಯ ಮರಗಳು ಉಳಿದವು. ಎಲ್ಲಕ್ಕಿಂತ ಜಾಣತನದ್ದು, ನೆಲಕ್ಕೆ ಬಿಗಿಯದ ಹಗುರ ಕುರ್ಚಿಗಳು. ಬೇಕೆಂದಲ್ಲಿಗೆ ಎಳೆದುಕೊಂಡು ಕೂರಬಹುದು. ಅಲ್ಲಿಯವರು ಚಳಿಯಲ್ಲಿ ಬಿಸಿಲಿಗೆ ಎಳೆದುಕೊಳ್ಳುತ್ತಾರೆ, ನಾವಾದರೆ ನೆರಳಿಗೆ. ನಮ್ಮಲ್ಲಿ ಕುರ್ಚಿ ಉಳಿಯುತ್ತದೆಯೇ ಎಂದು ನೀವು ನಗುತ್ತಿದ್ದೀರಿ ಎಂದು ಗೊತ್ತು. ಕುರ್ಚಿ ಬೇಡ, ಬೆಂಚನ್ನಾದರೂ ಮರದ ಪಶ್ಚಿಮಕ್ಕಲ್ಲದೆ ಪೂರ್ವಕ್ಕೆ ಹಾಕಲಿ. ಮಧ್ಯಾಹ್ನದ ನೆರಳು ಬೀಳುವುದು ಆ ಕಡೆಗೆ.

ಗೊಣಗುವವರಿಗೂ ಒಂದು ಮಾತು. ಉದ್ಯಾನಗಳ ಜವಾಬ್ದಾರಿಯನ್ನು ಸಂವಿಧಾನದ 12ನೇ ಅನುಸೂಚಿ ನಗರ ಸ್ಥಳೀಯ ಸಂಸ್ಥೆಗಳ ಪಟ್ಟಿಯಲ್ಲಿ ಇಟ್ಟಿದೆ. ಉದ್ಯಾನ ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರ ರಾಜ್ಯ ಕಾಯ್ದೆಯಿದೆ. ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಬೆಂಗಳೂರಿನ ಬಡಾವಣೆಯೊಂದರಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಹೋರಾಡಿದರು, 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಅಷ್ಟು ದೂರ ಹೋಗುವುದು ಬೇಡವೆಂದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಎಷ್ಟು ಮರ ತೆಗೆದಿರಿ, ಯಾರ ಅನುಮತಿಯಿಂದ, ಶೌಚಾಲಯಕ್ಕೆ ಬೀಗ ಏಕೆ, ನಿರ್ವಹಣೆ ಯಾರದು. 30 ದಿನದೊಳಗೆ ಉತ್ತರ ಕೊಡಬೇಕು. ಕಲ್ಲುಚಪ್ಪಡಿ ಎಲ್ಲಿ ಹೋಯಿತು ಎಂದೂ ಕೇಳಬಹುದು, ನನಗೂ ಕುತೂಹಲವಿದೆ.

ಆದರೆ ಮೊದಲು ಕೇಳಬೇಕಾದದ್ದಕ್ಕೆ ಒಂದು ಪೈಸೆ ಖರ್ಚಿಲ್ಲ: ಗೇಟಿನ ಸಮಯ. ನಾನು ಮಧ್ಯಾಹ್ನ ಒಳಗೆ ಹೋದದ್ದು ಕಾವಲುಗಾರನನ್ನು ಕಾಡಿಬೇಡಿ. ಹತ್ತರಿಂದ ನಾಲ್ಕರವರೆಗೆ ಮುಚ್ಚಬೇಕೆಂದು ಬೋರ್ಡಿದೆ. ಹೊರಗೆ ಬಂದು ನೋಡಿದರೆ ಉಳಿದೊಂದು ಬೇವು ಕಾಂಪೌಂಡಿನಾಚೆಗೆ ಕೊಂಬೆ ಚಾಚಿತ್ತು. ಮರ ಒಳಗೆ, ನೆರಳು ಹೊರಗೆ, ಫುಟ್‌ಪಾತಿನ ಮೇಲೆ. ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಏಳೆಂಟು ಜನ ಕೂತಿದ್ದರು: ಕೈಯಲ್ಲಿ ಕಾಗದದ ಚೀಲ ಹಿಡಿದ ಹಳ್ಳಿಯ ದಂಪತಿ, ಪುಸ್ತಕದ ಹುಡುಗನೊಬ್ಬ, ಮಂಡಕ್ಕಿ ಮಿರ್ಚಿಯ ಪೊಟ್ಟಣ ಬಿಚ್ಚಿದ ಮೂವರು. “ಯಜಮಾನರೇ, ಇಲ್ಲಿ ಜಾಗವಿದೆ, ಬನ್ನಿ” ಎಂದು ಹುಡುಗ ಸರಿದು ಕೂತ. ಗೇಟಿಗೆ ಬೀಗ ಹಾಕಿದ ಕಾವಲುಗಾರನೂ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಬಂದು ಅದೇ ನೆರಳಿನಲ್ಲಿ ಹಾಕಿಕೊಂಡ.